ಬ್ರಿಟನ್ನಿಗೆ ತೆರಳುವ ಉದ್ಯಮಿಗಳಿಗೆ ಕಾರು ವಿಮೆಯ ತಿಳಿವಳಿಕೆ

ಭಾರತ ಮತ್ತು ಬ್ರಿಟನ್ ನಡುವಣ ಸಮಗ್ರ ಆರ್ಥಿಕ ಮತ್ತು ವ್ಯಾಪಾರ ಒಪ್ಪಂದಕ್ಕೆ 2025ರ ಜುಲೈ 24ರಂದು ಸಹಿ ಬಿದ್ದಿದೆ. ಇಂತಹ ಸಂದರ್ಭದಲ್ಲಿ ನಮ್ಮ ಸಣ್ಣ ಕೈಗಾರಿಕೋದ್ಯಮಿಗಳ ಗಮನ ಆ ಮಾರುಕಟ್ಟೆಯತ್ತ ಹರಿಯುವುದು ಸಹಜವೇ ಆಗಿದೆ. ಬಿಡಿಭಾಗಗಳ ತಯಾರಕರಾಗಲಿ, ಸಿದ್ಧ ಉಡುಪಿನ ರಫ್ತುದಾರರಾಗಲಿ, ಮಗನನ್ನೋ ಪಾಲುದಾರರೊಬ್ಬರನ್ನೋ ಅಲ್ಲಿಗೆ ಕಳುಹಿಸಿ ಒಂದು ಚಿಕ್ಕ ಮಾರಾಟ ಕಚೇರಿ ತೆರೆಯುವ ಯೋಚನೆ ಮಾಡುವಾಗ ಮನೆ ಬಾಡಿಗೆ, ಕಚೇರಿ ಬಾಡಿಗೆ, ವೀಸಾ ಶುಲ್ಕ, ಲೆಕ್ಕಪರಿಶೋಧಕರ ಸಂಭಾವನೆ ಮುಂತಾದ ಬಾಬ್ತುಗಳನ್ನೆಲ್ಲ ಅಂದಾಜು ಪಟ್ಟಿಯಲ್ಲಿ ಬರೆದುಕೊಳ್ಳುತ್ತಾರೆ. ಕಾರಿನ ವಿಮೆ ಎಂಬ ಬಾಬ್ತು ಮಾತ್ರ ಸಾಮಾನ್ಯವಾಗಿ ಆ ಪಟ್ಟಿಯಲ್ಲಿ ಇರುವುದಿಲ್ಲ. ಇದ್ದರೂ ನಮ್ಮೂರಿನ ದರದ ಅಂದಾಜಿನಲ್ಲಿರುತ್ತದೆ. ಅಲ್ಲಿ ಇಳಿದು, ಹಳೆಯ ಕಾರೊಂದನ್ನು ಗೊತ್ತುಮಾಡಿ, ವಿಮೆಯ ದರ ವಿಚಾರಿಸಿದಾಗ ಕಾರಿನ ಬೆಲೆಯ ದೊಡ್ಡ ಪಾಲೇ ಒಂದು ವರ್ಷದ ಪ್ರೀಮಿಯಂ ಆಗಿ ಎದುರು ನಿಲ್ಲಬಹುದು.

ಇಪ್ಪತ್ತು ವರ್ಷ ಅಪಘಾತವಿಲ್ಲದೆ ಕಾರು ಓಡಿಸಿದವರಿಗೂ ಹೀಗೇಕೆ ಆಗುತ್ತದೆ? ಅದನ್ನು ತಗ್ಗಿಸಲು ನ್ಯಾಯವಾದ ಮಾರ್ಗಗಳು ಯಾವುವು? ಯಾವ ಉಳಿತಾಯ ಮುಂದೆ ಸಂಸ್ಥೆಗೇ ಅಪಾಯ ತರಬಲ್ಲದು? ಈ ಮೂರು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಇಲ್ಲಿನ ವಿಮೆಗೂ ಅಲ್ಲಿನ ವಿಮೆಗೂ ಇರುವ ವ್ಯತ್ಯಾಸ

ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮಿನಂತೆ ತೃತೀಯ ಪಕ್ಷದ ವಿಮೆ ಕಡ್ಡಾಯ. ಅದರ ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ 1000ದಿಂದ 1500 ಸಿ.ಸಿ.ವರೆಗಿನ ಖಾಸಗಿ ಕಾರಿಗೆ ವಾರ್ಷಿಕ 3,416 ರೂಪಾಯಿ ಎಂದು ಗೊತ್ತುಪಡಿಸಲಾಯಿತು. ಕಾರು ಓಡಿಸುವವರು 19 ವರ್ಷದ ತರುಣರಾಗಲಿ, 50 ವರ್ಷದ ಅನುಭವಿಗಳಾಗಲಿ, ಈ ಮೊತ್ತದಲ್ಲಿ ವ್ಯತ್ಯಾಸವಿಲ್ಲ. ಅಲ್ಲದೆ, ಮಾಲೀಕರ ಒಪ್ಪಿಗೆಯಿಂದ ಕಾರು ಓಡಿಸುವ, ಚಾಲ್ತಿಯಲ್ಲಿರುವ ಪರವಾನಗಿ ಹೊಂದಿದ ಯಾರಿಗೇ ಆದರೂ ಸಾಮಾನ್ಯವಾಗಿ ಪಾಲಿಸಿಯ ರಕ್ಷಣೆ ದೊರೆಯುತ್ತದೆ. ಒಂದರ್ಥದಲ್ಲಿ ಇಲ್ಲಿ ವಿಮೆ ಇಳಿಸುವುದು ವಾಹನಕ್ಕೆ.

ಬ್ರಿಟನ್ನಿನಲ್ಲಿ ದರವನ್ನು ಸರ್ಕಾರ ನಿಗದಿಪಡಿಸುವುದಿಲ್ಲ. ಪ್ರತಿಯೊಂದು ಕಂಪನಿಯೂ ಚಾಲಕರ ವಯಸ್ಸು, ಉದ್ಯೋಗ, ವಾಸದ ಬಡಾವಣೆಯ ಅಂಚೆ ಸಂಕೇತ, ಪರವಾನಗಿಯ ಬಗೆ, ಆ ಪರವಾನಗಿ ದೊರೆತು ಎಷ್ಟು ವರ್ಷವಾಯಿತು, ಕ್ಲೇಮ್ ಇಲ್ಲದೆ ಎಷ್ಟು ವರ್ಷ ಕಳೆದಿವೆ, ವರ್ಷಕ್ಕೆ ಎಷ್ಟು ಮೈಲಿ ಓಡಿಸುವರು, ರಾತ್ರಿ ಕಾರನ್ನು ಎಲ್ಲಿ ನಿಲ್ಲಿಸುವರು ಎಂಬುದನ್ನೆಲ್ಲ ಕೇಳಿ ದರ ಹೇಳುತ್ತದೆ. ಪಾಲಿಸಿಯಲ್ಲಿ ಹೆಸರು ನಮೂದಾದ ಚಾಲಕರಿಗೆ ಮಾತ್ರ ಸಾಮಾನ್ಯವಾಗಿ ರಕ್ಷಣೆ. ನಮ್ಮಲ್ಲಿ ಭಾವಮೈದುನನಿಗೆ ಕೀಲಿಕೈ ಕೊಟ್ಟು "ಸ್ಟೇಷನ್ನಿಗೆ ಹೋಗಿ ಬಾ" ಎನ್ನುವಂತೆ ಅಲ್ಲಿ ಹೇಳಿದರೆ, ಆತ ವಿಮೆಯಿಲ್ಲದೆ ವಾಹನ ಚಲಾಯಿಸಿದಂತಾಗುವ ಸಂಭವವಿದೆ.

ಅಲ್ಲಿನ ಕಂಪನಿಯು ಬೆಲೆ ಕಟ್ಟುವುದು ಮುಖ್ಯವಾಗಿ ಮನುಷ್ಯನ ಪೂರ್ವ ಚರಿತ್ರೆಗೆ. ಹೊಸದಾಗಿ ಬಂದವರ ಚರಿತ್ರೆ ಅದಕ್ಕೆ ತಿಳಿಯದು. ಸಾಲ ಕೇಳಲು ಬಂದ ಅಪರಿಚಿತ ಗಿರಾಕಿಗೆ ನಾವು ಹೇಗೆ ಮೊದಲ ಸಲ ನಗದು ವ್ಯವಹಾರವನ್ನೇ ಹೇಳುತ್ತೇವೆಯೋ ಅದೇ ನ್ಯಾಯ ಇಲ್ಲಿಯೂ ಅನ್ವಯಿಸುತ್ತದೆ. ಆದುದರಿಂದ ಕಡಿಮೆ ಪ್ರೀಮಿಯಂ ಪಡೆಯುವ ಕೆಲಸ ಬ್ರಿಟನ್ನಿನಲ್ಲಿ ಆರಂಭವಾಗುವುದಿಲ್ಲ. ಊರು ಬಿಡುವ ಮೊದಲೇ, ನಮ್ಮ ಹಳೆಯ ವಿಮಾ ಕಂಪನಿಯ ಶಾಖಾ ಕಚೇರಿಯಲ್ಲಿ ಆರಂಭವಾಗುತ್ತದೆ.

ಹೊರಡುವ ಮುನ್ನ ಪಡೆಯಬೇಕಾದ ದಾಖಲೆಗಳು

ಮೊದಲನೆಯದು ನೋ ಕ್ಲೇಮ್ ಬೋನಸ್ ಪತ್ರ. ಭಾರತದಲ್ಲಿ ಸ್ವಂತ ವಾಹನದ ಹಾನಿಗೆ ಸಂಬಂಧಿಸಿದ ಪ್ರೀಮಿಯಂ ಭಾಗದ ಮೇಲೆ ಕ್ಲೇಮ್ ಇಲ್ಲದ ಒಂದು ವರ್ಷಕ್ಕೆ ಶೇ. 20, ಎರಡು ವರ್ಷಕ್ಕೆ ಶೇ. 25, ಮೂರಕ್ಕೆ ಶೇ. 35, ನಾಲ್ಕಕ್ಕೆ ಶೇ. 45 ಮತ್ತು ಐದಕ್ಕೆ ಶೇ. 50 ರಿಯಾಯಿತಿ ಇದೆ. ಈ ರಿಯಾಯಿತಿಯು ವಾಹನಕ್ಕೆ ಸೇರಿದ್ದಲ್ಲ, ಪಾಲಿಸಿದಾರರಿಗೆ ಸೇರಿದ್ದು. ಕಾರು ಮಾರಿ ಹೊರಡುವವರು ಇದನ್ನು ಕಾಯ್ದಿರಿಸುವ ಪತ್ರವನ್ನು ಕಂಪನಿಯಿಂದ ಪಡೆಯತಕ್ಕದ್ದು. ಶೇಕಡಾವಾರು ಅಂಕಿಯೊಂದೇ ಇದ್ದರೆ ಅಲ್ಲಿನವರಿಗೆ ಅರ್ಥವಾಗದು. ಅವರು ಎಣಿಸುವುದು ವರ್ಷಗಳನ್ನು. ನಮ್ಮಲ್ಲಿ ಐದು ವರ್ಷಕ್ಕೆ ಶೇ. 50 ತಲುಪಿ ನಿಂತುಬಿಡುವುದರಿಂದ, ಹನ್ನೆರಡು ವರ್ಷ ಕ್ಲೇಮ್ ಮಾಡದವರ ಪತ್ರವೂ ಐದು ವರ್ಷದವರ ಪತ್ರದಂತೆಯೇ ಕಾಣುತ್ತದೆ. ಆದುದರಿಂದ ಪಾಲಿಸಿ ಸಂಖ್ಯೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ವಿಮೆ ಇತ್ತು, ಈ ಅವಧಿಯಲ್ಲಿ ಎಷ್ಟು ಕ್ಲೇಮ್ ಆಗಿವೆ ಎಂಬುದನ್ನು ಇಂಗ್ಲಿಷಿನಲ್ಲಿ, ಕಂಪನಿಯ ಮುದ್ರಿತ ಕಾಗದದಲ್ಲಿ, ಸಹಿ ಮೊಹರಿನೊಡನೆ ಬರೆಸಿಕೊಳ್ಳಬೇಕು. ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ. ತಂದೆಯ ಹೆಸರು, ಊರಿನ ಹೆಸರುಗಳ ಮೊದಲಕ್ಷರ ಹಿಂದುಮುಂದಾದರೂ ಪತ್ರ ತಿರಸ್ಕೃತವಾಗಬಹುದು.

ಇಲ್ಲಿ ನಮ್ಮ ವ್ಯಾಪಾರಿ ಬಂಧುಗಳು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ನಮ್ಮಲ್ಲಿ ಅನೇಕರ ಕಾರು ಸವಕಳಿ ಮತ್ತು ತೆರಿಗೆಯ ಅನುಕೂಲಕ್ಕಾಗಿ ಪಾಲುದಾರಿಕೆ ಸಂಸ್ಥೆಯ ಅಥವಾ ಕಂಪನಿಯ ಹೆಸರಿನಲ್ಲಿರುತ್ತದೆ. ಆಗ ಬೋನಸ್ ಸಂಸ್ಥೆಯದೇ ಹೊರತು ಚಾಲಕರದಲ್ಲ. ಹದಿನೈದು ವರ್ಷ ಕಾರು ಓಡಿಸಿದ್ದರೂ ಅವರ ಸ್ವಂತ ಹೆಸರಿನಲ್ಲಿ ಒಂದು ವರ್ಷದ ದಾಖಲೆಯೂ ಇರುವುದಿಲ್ಲ. ಇಂತಹವರು ಸಂಸ್ಥೆಯ ಪಾಲಿಸಿಯ ವಿವರದೊಂದಿಗೆ, ಈ ಕಾರನ್ನು ಇಂತಹವರೇ ಇಂತಿಷ್ಟು ವರ್ಷ ಅಪಘಾತವಿಲ್ಲದೆ ಬಳಸಿದ್ದಾರೆ ಎಂಬ ಪತ್ರವನ್ನು ಸಂಸ್ಥೆಯಿಂದ ಪಡೆದಿಟ್ಟುಕೊಳ್ಳುವುದು ಒಳ್ಳೆಯದು. ಕಂಪನಿ ಕಾರು ಓಡಿಸಿದ ಅನುಭವವನ್ನು ಇಂತಹ ಪತ್ರದ ಆಧಾರದ ಮೇಲೆ ಪರಿಗಣಿಸುವ ಕೆಲವು ವಿಮಾದಾರರು ಬ್ರಿಟನ್ನಿನಲ್ಲಿದ್ದಾರೆ. ಎರಡು ಮೂರು ವರ್ಷದ ನಂತರ ಹೊರಡುವ ಯೋಜನೆಯಿದ್ದವರು ಒಂದು ಕಾರಿನ ನೋಂದಣಿ ಮತ್ತು ವಿಮೆಯನ್ನು ಈಗಿನಿಂದಲೇ ಸ್ವಂತ ಹೆಸರಿನಲ್ಲಿ ಇರಿಸಿಕೊಳ್ಳುವುದರ ಬಗ್ಗೆ ತಮ್ಮ ಲೆಕ್ಕಪರಿಶೋಧಕರೊಂದಿಗೆ ಸಮಾಲೋಚಿಸಬಹುದು.

ಎರಡನೆಯದು ಚಾಲನಾ ಪರವಾನಗಿಯ ವಿವರ. ಪರವಾನಗಿಯನ್ನು ನವೀಕರಿಸಿದಾಗ ಹೊಸ ಕಾರ್ಡಿನ ದಿನಾಂಕವಷ್ಟೇ ಕಣ್ಣಿಗೆ ಬಿದ್ದು, ಹಳೆಯ ಅನುಭವ ಮರೆಯಾಗುವುದುಂಟು. ಮೊದಲು ಪರವಾನಗಿ ನೀಡಿದ ದಿನಾಂಕವನ್ನು ತೋರಿಸುವ ದಾಖಲೆಯ ನಕಲನ್ನು ಪ್ರಾದೇಶಿಕ ಸಾರಿಗೆ ಕಚೇರಿಯಿಂದ ಪಡೆದಿರಬೇಕು.

ಇಷ್ಟೆಲ್ಲ ಪತ್ರಗಳಿದ್ದರೂ ಎಲ್ಲ ಕಂಪನಿಗಳೂ ಅವನ್ನು ಒಪ್ಪುತ್ತವೆ ಎಂದು ಭಾವಿಸಬಾರದು. ಬ್ರಿಟನ್ನಿನ ಬಹಳಷ್ಟು ಕಂಪನಿಗಳು ತಮ್ಮ ದೇಶದಲ್ಲಿ ಗಳಿಸಿದ ಬೋನಸನ್ನು ಮಾತ್ರ ಎಣಿಸುತ್ತವೆ. ವಿದೇಶದ ಬೋನಸನ್ನು ಪೂರ್ಣವಾಗಿಯೋ ಭಾಗಶಃವೋ ಒಪ್ಪುವವರು ಕೆಲವರೇ. ಅವರನ್ನು ಹುಡುಕಲು ವಿಮಾ ದಲ್ಲಾಳಿಗಳ ನೆರವು ಪಡೆಯುವುದು ಉಪಯುಕ್ತ. ಪತ್ರ ಕೈಯಲ್ಲಿದ್ದರೆ ಕೇಳುವ ಹಕ್ಕಾದರೂ ಉಳಿಯುತ್ತದೆ. ಹೊರಟುಹೋದ ಮೇಲೆ ಅದೇ ಪತ್ರಕ್ಕಾಗಿ ಊರಿನ ಶಾಖೆಗೆ ಅಲೆಯುವವರು ಯಾರು?

ಪರವಾನಗಿ: ಮೊದಲ ಹನ್ನೆರಡು ತಿಂಗಳು

ಭಾರತದ ಪರವಾನಗಿ ಹೊಂದಿರುವವರು ಗ್ರೇಟ್ ಬ್ರಿಟನ್ನಿನಲ್ಲಿ ವಾಸ ಆರಂಭಿಸಿದ ದಿನದಿಂದ 12 ತಿಂಗಳವರೆಗೆ ಅದೇ ಪರವಾನಗಿಯ ಮೇಲೆ ಕಾರು ಓಡಿಸಬಹುದು. ಆಸ್ಟ್ರೇಲಿಯಾ, ಜಪಾನ್ ಮುಂತಾದ ಕೆಲವು ದೇಶಗಳ ಪರವಾನಗಿಯನ್ನು ಅಲ್ಲಿ ನೇರವಾಗಿ ಬದಲಾಯಿಸಿಕೊಡುತ್ತಾರೆ. ಆ ಪಟ್ಟಿಯಲ್ಲಿ ಭಾರತವಿಲ್ಲ. ಆದುದರಿಂದ ನಮ್ಮವರು ತಾತ್ಕಾಲಿಕ ಪರವಾನಗಿಗೆ ಅರ್ಜಿ ಸಲ್ಲಿಸಿ, ಲಿಖಿತ ತತ್ತ್ವದ ಪರೀಕ್ಷೆ ಮತ್ತು ರಸ್ತೆಯ ಪರೀಕ್ಷೆ ಎರಡನ್ನೂ ಮುಗಿಸಬೇಕು.

ಹನ್ನೆರಡು ತಿಂಗಳು ಇದೆಯಲ್ಲ ಎಂದು ತಡಮಾಡುವುದು ಎರಡು ರೀತಿಯಲ್ಲಿ ನಷ್ಟ. ಇತ್ತೀಚಿನ ವರ್ಷಗಳಲ್ಲಿ ರಸ್ತೆ ಪರೀಕ್ಷೆಯ ದಿನಾಂಕಕ್ಕೆ ಅನೇಕ ಕಡೆ ತಿಂಗಳುಗಟ್ಟಲೆ ಕಾಯಬೇಕಾಗಿದೆ. ಅವಧಿ ಮುಗಿದರೆ ಕಾರು ಒಬ್ಬರೇ ಓಡಿಸುವಂತಿಲ್ಲ. ಅಲ್ಲದೆ ವಿದೇಶಿ ಪರವಾನಗಿಗೆ ವಿಮೆ ನೀಡುವ ಕಂಪನಿಗಳ ಸಂಖ್ಯೆಯೇ ಕಡಿಮೆಯಾದ ಕಾರಣ ಸ್ಪರ್ಧೆ ಇರುವುದಿಲ್ಲ, ದರ ಏರುತ್ತದೆ. ಸ್ಥಳೀಯ ಪರವಾನಗಿ ದೊರೆತ ಬಳಿಕ ಹೆಚ್ಚು ಕಂಪನಿಗಳು ದರ ನೀಡಲು ಮುಂದೆ ಬರುತ್ತವೆ. ಆಟೊಮ್ಯಾಟಿಕ್ ಗೇರಿನ ಕಾರಿನಲ್ಲಿ ಪರೀಕ್ಷೆ ಕೊಟ್ಟು ತೇರ್ಗಡೆಯಾದವರಿಗೆ ಆ ಬಗೆಯ ಕಾರು ಮಾತ್ರ ಓಡಿಸುವ ಅರ್ಹತೆ ದೊರೆಯುತ್ತದೆ ಎಂಬುದನ್ನೂ ನೆನಪಿಡಬೇಕು.

ಪ್ರೀಮಿಯಂ ತಗ್ಗಿಸುವ ನ್ಯಾಯವಾದ ಮಾರ್ಗಗಳು

1. ಕಾರು ಕೊಳ್ಳುವ ಮೊದಲೇ ವಿಮೆಯ ದರ ವಿಚಾರಿಸಬೇಕು. ಅಲ್ಲಿ ಕಾರುಗಳನ್ನು ವಿಮೆಗಾಗಿ 1ರಿಂದ 50ರವರೆಗಿನ ಗುಂಪುಗಳಾಗಿ ವಿಂಗಡಿಸಲಾಗಿದೆ. ಗುಂಪಿನ ಸಂಖ್ಯೆ ಕಡಿಮೆಯಾದಷ್ಟೂ ಪ್ರೀಮಿಯಂ ಇಳಿಯುತ್ತದೆ. ಅಗ್ಗವಾಗಿ ಸಿಕ್ಕಿತೆಂದು ಹಳೆಯ ದೊಡ್ಡ ಕಾರು ಕೊಂಡವರು ವಿಮೆಯಲ್ಲಿ ಆ ಉಳಿತಾಯವನ್ನು ಕಳೆದುಕೊಳ್ಳುತ್ತಾರೆ.

2. ದರ ಹೋಲಿಕೆಯ ಒಂದಕ್ಕಿಂತ ಹೆಚ್ಚು ಅಂತರ್ಜಾಲ ತಾಣಗಳಲ್ಲಿ ವಿಚಾರಿಸಬೇಕು. ಕನ್‌ಫ್ಯೂಸ್ಡ್, ಕಂಪೇರ್ ದ ಮಾರ್ಕೆಟ್, ಮನಿ ಸೂಪರ್‌ಮಾರ್ಕೆಟ್, ಗೋ ಕಂಪೇರ್ ಎಂಬವು ಅಲ್ಲಿ ಬಹುಬಳಕೆಯಲ್ಲಿವೆ. ಕೊನೆಯ ದಿನದವರೆಗೆ ಕಾಯದೆ ಮೂರು ನಾಲ್ಕು ವಾರ ಮುಂಚಿತವಾಗಿ ವಿಚಾರಿಸಿದರೆ ದರ ಅನುಕೂಲವಾಗಿರುವುದುಂಟು.

3. ತೃತೀಯ ಪಕ್ಷದ ವಿಮೆಯೇ ಅಗ್ಗವೆಂದು ಮೊದಲೇ ತೀರ್ಮಾನಿಸಬಾರದು. ಅಲ್ಲಿ ತೃತೀಯ ಪಕ್ಷದ ವಿಮೆ, ಅದಕ್ಕೆ ಬೆಂಕಿ ಮತ್ತು ಕಳವಿನ ರಕ್ಷಣೆ ಸೇರಿದ ವಿಮೆ, ಸಮಗ್ರ ವಿಮೆ ಎಂದು ಮೂರು ಬಗೆ. ಅಪಾಯಕಾರಿ ಚಾಲಕರು ಮೊದಲನೆಯದನ್ನೇ ಹೆಚ್ಚಾಗಿ ಆರಿಸುವ ಕಾರಣ ಕೆಲವೊಮ್ಮೆ ಸಮಗ್ರ ವಿಮೆಯೇ ಕಡಿಮೆ ದರಕ್ಕೆ ದೊರೆಯುತ್ತದೆ. ಮೂರರ ದರವನ್ನೂ ಕೇಳಬೇಕು.

4. ಸ್ವಯಂ ಭರಿಸುವ ಮೊತ್ತವನ್ನು ವಿವೇಚಿಸಿ ನಿರ್ಧರಿಸಬೇಕು. ಅಲ್ಲಿ ಇದನ್ನು ಎಕ್ಸೆಸ್ ಎನ್ನುತ್ತಾರೆ. ಕಂಪನಿ ವಿಧಿಸಿದ ಕಡ್ಡಾಯ ಮೊತ್ತದ ಮೇಲೆ ನಾವಾಗಿ ಇನ್ನಷ್ಟು ಒಪ್ಪಿಕೊಂಡರೆ ಪ್ರೀಮಿಯಂ ಇಳಿಯುತ್ತದೆ. ಕಡ್ಡಾಯ 250 ಪೌಂಡ್, ಸ್ವಇಚ್ಛೆಯ 300 ಪೌಂಡ್ ಎಂದಿಟ್ಟುಕೊಂಡರೆ, ಅಪಘಾತದ ದಿನ ನಮ್ಮ ಕೈಯಿಂದ 550 ಪೌಂಡ್ ಹೋಗಬೇಕು. ಆ ಹಣ ಬೇಕಾದಾಗ ಕೈಯಲ್ಲಿರುವವರಿಗೆ ಮಾತ್ರ ಇದು ಲಾಭದಾಯಕ.

5. ಸಾಧ್ಯವಿದ್ದರೆ ವರ್ಷದ ಪ್ರೀಮಿಯಂ ಒಂದೇ ಸಲ ಪಾವತಿಸಬೇಕು. ಮಾಸಿಕ ಕಂತು ಎಂದರೆ ಸಾಲವೇ. ಲೆಕ್ಕಕ್ಕಾಗಿ ವಾರ್ಷಿಕ ಪ್ರೀಮಿಯಂ 1,200 ಪೌಂಡ್ ಎಂದೂ, ಮೊದಲ ಕಂತು ಕೂಡಲೇ ಸಲ್ಲುವಂತೆ ತಿಂಗಳಿಗೆ 110ರಂತೆ 12 ಕಂತು ಎಂದೂ ಇಟ್ಟುಕೊಳ್ಳೋಣ. ಒಟ್ಟು 1,320 ಪೌಂಡ್ ಆಗುತ್ತದೆ. ಹೆಚ್ಚುವರಿ 120 ಪೌಂಡ್ ಮೇಲ್ನೋಟಕ್ಕೆ ಶೇ. 10 ಎನಿಸುತ್ತದೆ. ಆದರೆ ಅಸಲು ತಿಂಗಳು ತಿಂಗಳು ಕರಗುತ್ತಿರುವುದರಿಂದ ನಿಜವಾದ ವಾರ್ಷಿಕ ಬಡ್ಡಿ ಶೇ. 20ನ್ನು ಮೀರುತ್ತದೆ. ಕೈಸಾಲ ನೀಡಿ ಪಡೆದು ಅಭ್ಯಾಸವಿರುವ ವರ್ತಕರಿಗೆ ಈ ಲೆಕ್ಕ ಹೊಸದಲ್ಲ.

6. ಚಾಲನೆಯನ್ನು ದಾಖಲಿಸುವ ಉಪಕರಣವನ್ನು ಕಾರಿಗೆ ಅಳವಡಿಸಲು ಒಪ್ಪಿದರೆ ಕೆಲವು ಕಂಪನಿಗಳು ಕಡಿಮೆ ದರ ನೀಡುತ್ತವೆ. ಇದನ್ನು ಬ್ಲ್ಯಾಕ್ ಬಾಕ್ಸ್ ವಿಮೆ ಎನ್ನುತ್ತಾರೆ. ವೇಗ, ಬ್ರೇಕ್ ಹಾಕುವ ರೀತಿ, ಓಡಿಸುವ ಹೊತ್ತು ಇವೆಲ್ಲ ಅದರಲ್ಲಿ ದಾಖಲಾಗುತ್ತವೆ. ಹಳೆಯ ದಾಖಲೆಯಿಲ್ಲದವರು ಹೊಸ ದಾಖಲೆಯನ್ನು ತಿಂಗಳುಗಳಲ್ಲೇ ಕಟ್ಟಿಕೊಳ್ಳಲು ಇದೊಂದು ಸಾಧನ.

7. ಕಾರಿನ ಅಗತ್ಯವನ್ನೇ ಮುಂದೂಡುವುದೂ ಒಂದು ಮಾರ್ಗ. ರೈಲು, ಬಸ್ಸುಗಳ ಅನುಕೂಲವಿರುವ ನಗರದಲ್ಲಿ ನೆಲೆಸಿ, ಗಿರಾಕಿಗಳ ಭೇಟಿಯ ದಿನ ಮಾತ್ರ ವಿಮೆ ಸಹಿತ ಬಾಡಿಗೆ ಕಾರು ಪಡೆದು, ಸ್ಥಳೀಯ ಪರವಾನಗಿ ದೊರೆತ ನಂತರ ಕಾರು ಕೊಂಡರೆ ಅತಿ ದುಬಾರಿಯಾದ ಮೊದಲ ಅವಧಿ ತಪ್ಪುತ್ತದೆ.

ಹೇಳಿದ ದರದಲ್ಲಿ ವಿಮಾ ಪ್ರೀಮಿಯಂ ತೆರಿಗೆ ಸೇರಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. 2017ರ ಜೂನ್‌ನಿಂದ ಅದರ ಸಾಮಾನ್ಯ ದರ ಶೇ. 12. ಪಾಲಿಸಿ ಪಡೆದ ನಂತರ ಮನಸ್ಸು ಬದಲಾದರೆ 14 ದಿನಗಳೊಳಗೆ ರದ್ದುಪಡಿಸುವ ಅವಕಾಶವಿದೆ; ಆ ವರೆಗೆ ದೊರೆತ ರಕ್ಷಣೆಯ ವೆಚ್ಚವನ್ನು ಕಂಪನಿ ಹಿಡಿದುಕೊಳ್ಳಬಹುದು.

ಮಾಡಬಾರದ ಉಳಿತಾಯ

ದರ ಕೇಳುವ ನಮೂನೆಯಲ್ಲಿ ಒಂದೆರಡು ಉತ್ತರ ಬದಲಿಸಿದರೆ ನೂರಾರು ಪೌಂಡ್ ಇಳಿಯುವುದನ್ನು ಕಂಡು ಆಸೆಯಾಗುವುದು ಸಹಜ. ಭಾರತದ ಪರವಾನಗಿಯನ್ನು ಬ್ರಿಟನ್ನಿನದೆಂದು ಗುರುತು ಹಾಕುವುದು, ಮಗ ಓಡಿಸುವ ಕಾರನ್ನು ತಂದೆಯ ಮುಖ್ಯ ಚಾಲನೆಯದೆಂದು ತೋರಿಸುವುದು, ವ್ಯಾಪಾರದ ಓಡಾಟವಿದ್ದರೂ ಮನೆಬಳಕೆ ಎಂದು ಬರೆಯುವುದು ಇಂತಹವು. ಇವುಗಳಲ್ಲಿ ಎರಡನೆಯದನ್ನು ಅಲ್ಲಿ ಫ್ರಂಟಿಂಗ್ ಎಂದು ಕರೆದು ವಂಚನೆಯೆಂದೇ ಪರಿಗಣಿಸಲಾಗುತ್ತದೆ.

2012ರ ಗ್ರಾಹಕ ವಿಮಾ ಕಾಯ್ದೆಯಂತೆ, ತಪ್ಪು ಮಾಹಿತಿಯು ಉದ್ದೇಶಪೂರ್ವಕವಾಗಿದ್ದರೆ ಕಂಪನಿಯು ಪಾಲಿಸಿಯನ್ನು ರದ್ದುಮಾಡಿ ಕ್ಲೇಮ್ ನಿರಾಕರಿಸಬಹುದು. ಕಟ್ಟಿದ ಹಣವನ್ನೂ ಸಾಮಾನ್ಯವಾಗಿ ಹಿಂದಿರುಗಿಸಬೇಕಿಲ್ಲ. ಅಜಾಗರೂಕತೆಯ ತಪ್ಪಾದರೆ ಕ್ಲೇಮನ್ನು ಅದೇ ಪ್ರಮಾಣದಲ್ಲಿ ಕಡಿತ ಮಾಡಬಹುದು. ಸರಿಯಾದ ಮಾಹಿತಿಗೆ 1,600 ಪೌಂಡ್ ವಿಧಿಸಬೇಕಿದ್ದ ಕಂಪನಿಗೆ ನಾವು 800 ಮಾತ್ರ ಕಟ್ಟಿದ್ದರೆ 10,000 ಪೌಂಡ್ ಹಾನಿಗೆ 5,000 ಮಾತ್ರ ಬರುತ್ತದೆ. ಗಾಯಗೊಂಡ ಮೂರನೆಯವರಿಗೆ ಕಂಪನಿಯು ಕಾನೂನಿನಂತೆ ಪರಿಹಾರ ಕೊಟ್ಟರೂ, ಆ ಮೊತ್ತವನ್ನು ಪಾಲಿಸಿದಾರರಿಂದ ವಸೂಲು ಮಾಡಲು ಮುಂದಾಗುವ ಸಂದರ್ಭಗಳಿವೆ. ದೈಹಿಕ ಗಾಯದ ಪರಿಹಾರಕ್ಕೆ ಅಲ್ಲಿ ಮಿತಿಯಿಲ್ಲ. ಒಂದು ಸಣ್ಣ ಉದ್ದಿಮೆಯ ಇಡೀ ಬಂಡವಾಳ ಇದರಲ್ಲಿ ಕೊಚ್ಚಿಹೋಗಬಹುದು.

ಬಳಕೆಯ ವರ್ಗವನ್ನು ವ್ಯಾಪಾರಸ್ಥರು ವಿಶೇಷ ಎಚ್ಚರಿಕೆಯಿಂದ ನಮೂದಿಸಬೇಕು. ಮನೆಬಳಕೆ, ಒಂದೇ ಕಚೇರಿಗೆ ಹೋಗಿ ಬರುವುದು, ಗಿರಾಕಿಗಳ ಬಳಿಗೆ ಊರೂರು ತಿರುಗುವುದು, ಸರಕು ಸಾಗಿಸುವುದು ಇವೆಲ್ಲ ಬೇರೆ ಬೇರೆ ವರ್ಗಗಳು. ಮಾದರಿಗಳ ಪೆಟ್ಟಿಗೆ ಹಿಡಿದು ಗಿರಾಕಿಗಳನ್ನು ಕಾಣುವವರಿಗೆ ಮನೆಬಳಕೆಯ ಪಾಲಿಸಿ ಸಾಲದು. ವಾಹನ ಸಂಸ್ಥೆಯದಾಗಿದ್ದು ವಿಮೆಯೂ ಸಂಸ್ಥೆಯ ಹೆಸರಿನಲ್ಲಿದ್ದರೆ 2015ರ ವಿಮಾ ಕಾಯ್ದೆ ಅನ್ವಯಿಸುತ್ತದೆ. ಅಲ್ಲಿ ಕೇಳಿದ್ದಕ್ಕೆ ಉತ್ತರಿಸಿದರೆ ಮುಗಿಯದು. ತಿಳಿದಿರುವ ಮುಖ್ಯ ಸಂಗತಿಗಳನ್ನು ತಾವಾಗಿಯೇ ತಿಳಿಸುವ ಹೊಣೆ ಸಂಸ್ಥೆಯದು.

1988ರ ರಸ್ತೆ ಸಂಚಾರ ಕಾಯ್ದೆಯ 143ನೇ ಕಲಮಿನಲ್ಲಿ ವಿಮೆಯಿಲ್ಲದೆ ವಾಹನ ಬಳಸುವವರು ಮಾತ್ರವಲ್ಲ, ಬಳಸಲು ಬಿಟ್ಟವರೂ ಅಪರಾಧಿಗಳೇ. ನೌಕರರಿಗೆ ಕಾರು ಕೊಟ್ಟು ವಿಮೆ ನೋಡಿಕೊಳ್ಳದ ಮಾಲೀಕರಿಗೂ ಇದು ಅನ್ವಯಿಸುತ್ತದೆ. ಸ್ಥಳದಲ್ಲೇ ವಿಧಿಸುವ ದಂಡ 300 ಪೌಂಡ್, ಪರವಾನಗಿಯ ಮೇಲೆ 6 ದಂಡಾಂಕ. ವಾಹನವನ್ನು ಪೊಲೀಸರು ವಶಪಡಿಸಿಕೊಳ್ಳಲೂಬಹುದು. 1995ರ ಹೊಸ ಚಾಲಕರ ಕಾಯ್ದೆಯಂತೆ, ಪರೀಕ್ಷೆ ತೇರ್ಗಡೆಯಾದ ಎರಡು ವರ್ಷದೊಳಗೆ 6 ದಂಡಾಂಕ ಸೇರಿದರೆ ಪರವಾನಗಿಯೇ ರದ್ದು. ನಮ್ಮಲ್ಲಿ ಇಪ್ಪತ್ತು ವರ್ಷ ಓಡಿಸಿ ಹೋದವರೂ ಅಲ್ಲಿ ಪರೀಕ್ಷೆ ಕೊಟ್ಟ ದಿನದಿಂದ ಹೊಸ ಚಾಲಕರೇ. ವಿಮೆಯಿಲ್ಲದ ಒಂದೇ ಒಂದು ಪಯಣದಿಂದ ಅವರು ಮತ್ತೆ ಮೊದಲಿನಿಂದ ಪರೀಕ್ಷೆ ಬರೆಯಬೇಕಾಗುತ್ತದೆ.

ಎರಡನೆಯ ವರ್ಷದಿಂದ

ಒಂದು ವರ್ಷ ಕ್ಲೇಮ್ ಇಲ್ಲದೆ ಕಳೆದರೆ ಬ್ರಿಟನ್ನಿನದೇ ಬೋನಸ್ ದಾಖಲೆ ಆರಂಭವಾಗುತ್ತದೆ. ಅಲ್ಪಾವಧಿ ಪಾಲಿಸಿಗಳಿಂದ ಇದು ಸಾಮಾನ್ಯವಾಗಿ ಬೆಳೆಯದು. ಬೇರೆಯವರ ಪಾಲಿಸಿಯಲ್ಲಿ ಹೆಚ್ಚುವರಿ ಚಾಲಕರಾಗಿದ್ದುದೂ ಬಹಳಷ್ಟು ಕಡೆ ಎಣಿಕೆಗೆ ಬಾರದು. ಹಳೆಯ ಗಿರಾಕಿಗೆ ನವೀಕರಣದಲ್ಲಿ ಹೊಸ ಗಿರಾಕಿಗಿಂತ ಹೆಚ್ಚು ದರ ಹೇಳುವ ಪದ್ಧತಿಯನ್ನು ಅಲ್ಲಿನ ಹಣಕಾಸು ನಿಯಂತ್ರಣ ಪ್ರಾಧಿಕಾರ 2022ರ ಜನವರಿ 1ರಿಂದ ನಿಷೇಧಿಸಿದೆ. ಆದರೆ ಈ ನಿಯಮ ಒಂದೇ ಕಂಪನಿಯೊಳಗಿನ ಹೋಲಿಕೆಗೆ ಸಂಬಂಧಿಸಿದ್ದು. ಬೇರೆ ಕಂಪನಿ ಕಡಿಮೆಗೆ ನೀಡಬಹುದಾದ ಕಾರಣ ಪ್ರತಿ ವರ್ಷವೂ ಹೊಸದಾಗಿ ವಿಚಾರಿಸಬೇಕು. ಕ್ಲೇಮಿನ ವಿಷಯದಲ್ಲಿ ಅನ್ಯಾಯವಾಯಿತೆನಿಸಿದರೆ ಮೊದಲು ಕಂಪನಿಗೆ ದೂರು ನೀಡಿ, ಅಲ್ಲಿ ಬಗೆಹರಿಯದಿದ್ದಲ್ಲಿ ಹಣಕಾಸು ಒಂಬುಡ್ಸ್‌ಮನ್ ಸೇವೆಗೆ ಗ್ರಾಹಕರು ಶುಲ್ಕವಿಲ್ಲದೆ ಹೋಗಬಹುದು.

ಮರಳಿ ಊರಿಗೆ ಬರುವಾಗ ಅಲ್ಲಿನ ಕಂಪನಿಯಿಂದಲೂ ಇಂತಹುದೇ ಪತ್ರ ತರಬೇಕು. ವಿದೇಶದ ಪಾಲಿಸಿ ಮುಗಿದ ಮೂರು ವರ್ಷದೊಳಗೆ ಇಲ್ಲಿ ವಿಮೆ ಪಡೆದರೆ, ಅಲ್ಲಿ ಗಳಿಸಿದ ಬೋನಸನ್ನು ಪುರಾವೆಯ ಮೇಲೆ ಪರಿಗಣಿಸಲು 2002ರ ಇಂಡಿಯಾ ಮೋಟಾರ್ ಟ್ಯಾರಿಫ್ ನಿಯಮಗಳಲ್ಲಿ ಅವಕಾಶ ಕಲ್ಪಿಸಲಾಗಿದೆ.

ಇತರ ದೇಶಗಳಲ್ಲಿ

ಅಮೆರಿಕಕ್ಕೆ ತೆರಳುವವರಿಗೂ ಮೂಲ ನ್ಯಾಯ ಇದೇ. ಕೇಳುವ ದಾಖಲೆ ಬೇರೆ. ಅಲ್ಲಿ ವಿಮೆಯ ನಿಯಮ ರಾಜ್ಯದಿಂದ ರಾಜ್ಯಕ್ಕೆ ಭಿನ್ನ. ಬಹುತೇಕ ರಾಜ್ಯಗಳಲ್ಲಿ ಸಾಲ ಮರುಪಾವತಿಯ ಚರಿತ್ರೆಯನ್ನೂ ಪ್ರೀಮಿಯಂಗೆ ಆಧಾರವಾಗಿ ಬಳಸಲಾಗುತ್ತದೆ. ಕ್ಯಾಲಿಫೋರ್ನಿಯಾ, ಹವಾಯಿ, ಮ್ಯಾಸಚೂಸೆಟ್ಸ್ ರಾಜ್ಯಗಳಲ್ಲಿ ಹಾಗೆ ಬಳಸುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಕನಿಷ್ಠ ಹೊಣೆ ವಿಮೆಯನ್ನು ಒಬ್ಬರ ಗಾಯಕ್ಕೆ 30,000, ಒಂದು ಅಪಘಾತದ ಒಟ್ಟು ಗಾಯಗಳಿಗೆ 60,000, ಆಸ್ತಿ ಹಾನಿಗೆ 15,000 ಡಾಲರಿಗೆ ಏರಿಸಲಾಗಿದೆ. ತಲುಪಿದ ಕೂಡಲೇ ಬ್ಯಾಂಕ್ ಖಾತೆ ತೆರೆದು, ಚಿಕ್ಕ ಮಿತಿಯ ಕ್ರೆಡಿಟ್ ಕಾರ್ಡ್ ಪಡೆದು, ಬಾಕಿಯನ್ನು ತಪ್ಪದೆ ತೀರಿಸುತ್ತ ಬಂದರೆ ಮುಂದೆ ಹಲವು ರಾಜ್ಯಗಳಲ್ಲಿ ವಿಮೆಯ ದರಕ್ಕೂ ಅನುಕೂಲವಾಗುತ್ತದೆ.

ಹೊಸ ಪೇಟೆಯಲ್ಲಿ ಅಂಗಡಿ ತೆರೆದ ವರ್ತಕನಿಗೆ ಮೊದಲ ವರ್ಷ ಉದ್ದರಿ ದೊರೆಯುವುದಿಲ್ಲ. ಹಳೆಯ ಪೇಟೆಯ ಪರಿಚಯ ಪತ್ರವಿದ್ದರೆ ಅಷ್ಟೋ ಇಷ್ಟೋ ದೊರೆಯುತ್ತದೆ. ವಿಮೆಯ ವಿಷಯವೂ ಹಾಗೆಯೇ. ವಿದೇಶಕ್ಕೆ ಸಿಬ್ಬಂದಿಯನ್ನಾಗಲಿ ಕುಟುಂಬದವರನ್ನಾಗಲಿ ಕಳುಹಿಸುವ ಸದಸ್ಯರು, ಪ್ರಯಾಣದ ಟಿಕೆಟ್ ಕಾಯ್ದಿರಿಸುವ ಹೊತ್ತಿಗೇ ಬೋನಸ್ ಪತ್ರ, ಕ್ಲೇಮ್ ವಿವರ, ಪರವಾನಗಿಯ ಪೂರ್ಣ ದಾಖಲೆ, ಸಂಸ್ಥೆಯ ಪತ್ರ ಈ ನಾಲ್ಕನ್ನು ಒಂದೇ ಕಡತದಲ್ಲಿ ಸಿದ್ಧಪಡಿಸಿಕೊಡುವುದು ಸೂಕ್ತ. ಅಂದಾಜು ಪಟ್ಟಿಯಲ್ಲಿ ಕಾರು ವಿಮೆಗೆ ಪ್ರತ್ಯೇಕ ಬಾಬ್ತನ್ನು ತೆರೆದು, ಹೊರಡುವ ಮೊದಲೇ ಅಲ್ಲಿನ ದರವನ್ನು ನಿಜವಾದ ವಿವರಗಳೊಂದಿಗೆ ವಿಚಾರಿಸಿ ಬರೆದುಕೊಳ್ಳತಕ್ಕದ್ದು.